ಹುಳು ಮಲಗಿದಾಗ ಎದ್ದಿರುವ ಶೋಭಾರಾಣಿ

ಬೆಳಗಿನ ಐದೂವರೆ. ಕೆಂಚಾರ್ಲಹಳ್ಳಿಯ ಈ ಹುಳುಮನೆಯಲ್ಲಿ ಉಸಿರಾಡಿದರೂ ಕೇಳಿಸುವಷ್ಟು ಮೌನ. ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿವೆ. ಹಳೆಯ ಚರ್ಮ ಕಳಚುವ ಮುನ್ನ ಮೇವು ಬಿಟ್ಟು, ತಲೆ ಎತ್ತಿಕೊಂಡು ನಿದ್ದೆ ಹೋಗಿವೆ. ಬಾಗಿಲ ಮೆಟ್ಟಿಲ ಮೇಲೆ ಲ್ಯಾಪ್‌ಟಾಪನ್ನು ತೊಡೆಗಿಟ್ಟುಕೊಂಡು ಶೋಭಾರಾಣಿ ಕೂತಿದ್ದಾರೆ. ಹುಳು ಎದ್ದರೆ ಸೊಪ್ಪು ಹಾಕಲು ಓಡಬೇಕು. ಅಷ್ಟರೊಳಗೆ ಈ ಕೆಲಸ ಮುಗಿದರೆ ಮುಗಿಯಿತು.

ಕೆಲಸದ ಹೆಸರು 'ಹಂದರ'. ವೆಬ್ ಪುಟದಲ್ಲಿ ಕಾಣುವ ಬಟನ್ನು, ಪಟ್ಟಿ, ಹುಡುಕುವ ಚೌಕಗಳನ್ನು ಕಟ್ಟಲು ಬೇಕಾದ ಸಿದ್ಧ ತುಣುಕುಗಳ ಭಂಡಾರವದು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ನೋಡಿಕೊಳ್ಳುವವರು ಐದೇ ಜನ. ಅವರಲ್ಲಿ ರೇಷ್ಮೆ ಸಾಕುವವರು ಇವರೊಬ್ಬರೇ, ಹೇಳಬೇಕಾಗಿಲ್ಲ.

ಚಿಂತಾಮಣಿಯಲ್ಲಿ ಡಿಪ್ಲೊಮಾ ಓದಿ ಈ ಮನೆಗೆ ಸೊಸೆಯಾಗಿ ಬಂದವರು ಶೋಭಾರಾಣಿ. ಊರಿನವರು ಹೆಚ್ಚಾದ ಸೊಪ್ಪನ್ನು ಕೊರತೆ ಬಿದ್ದವರಿಗೆ ದಾಟಿಸಲೆಂದು ಇವರು ಹಂದರ ಬಳಸಿ ಒಂದು ಪುಟ ಕಟ್ಟಿದರು. ಆಗ ಹಂದರದಲ್ಲಿ ಕಂಡ ತಪ್ಪೊಂದನ್ನು ತಿದ್ದಿ ಕಳಿಸಿದರು. ಅಲ್ಲಿಂದ ಆರು ವರ್ಷ, ದಿನಕ್ಕೆ ಹತ್ತು ಹನ್ನೆರಡು ದೂರು, ಒಂದೇ ಲ್ಯಾಪ್‌ಟಾಪು, ಸಂಬಳ ಸೊನ್ನೆ.

"ಕಂಪ್ಯೂಟರಲ್ಲಿ ಏನೋ ರಿಪೇರಿ ಮಾಡ್ತಾಳೆ. ಯಾರ್ದಮ್ಮ ಅಂದ್ರೆ ಅವಳಿಗೂ ಗೊತ್ತಿಲ್ಲ" ಎಂದು ಅತ್ತೆ ರಾಮಲಕ್ಷ್ಮಮ್ಮ ನಗುತ್ತಾರೆ.

ಈ ಸಲದ ತೊಡಕು ದೊಡ್ಡದು. ಹೊಸ ಆವೃತ್ತಿಯಲ್ಲಿ ಹಳೆಯ ಫೋನುಗಳನ್ನು ಕೈಬಿಡೋಣ, ಭಾರ ಇಳಿದು ಪುಟ ಬೇಗ ತೆರೆಯುತ್ತದೆ ಎಂದು ಉಳಿದ ನಾಲ್ವರೂ ಹೇಳಿದ್ದಾರೆ. ಹಾಗಾದರೆ ಪಕ್ಕದ ಮನೆಯ ಗಂಗುಲಮ್ಮನ ಫೋನಿನಲ್ಲಿ ಸೊಪ್ಪಿನ ಪುಟ ಬೆಳ್ಳಗೆ, ಖಾಲಿ. ಗಂಗುಲಮ್ಮನ ಹುಳುಗಳು ಎರಡು ದಿನ ಮುಂದಿವೆ, ಹಗಲಿರುಳೂ ಮೇಯುತ್ತಿವೆ, ತೋಟ ಬರಿದಾಗಿದೆ. ಈಗ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿಲ್ಲ. ಹಂದರವನ್ನು ಶುರುಮಾಡಿದ ಮೋಹನ್‌ಬಾಬು ಇಂದು ಒಂಬತ್ತರವರೆಗೆ ಗಡುವು ಕೊಟ್ಟಿದ್ದಾರೆ. ಭಾರವೂ ಇಳಿಯಬೇಕು, ಹಳೆಯ ಫೋನೂ ಉಳಿಯಬೇಕು.

ಹುಳು ಮಲಗಿರುವ ಒಂದೂಕಾಲು ದಿನವೇ ಅವರಿಗೆ ಸಿಗುವ ಬಿಡುವು. ಹಳೆಯ ಫೋನುಗಳಿಗೆ ಬೇಕಾದುದನ್ನೆಲ್ಲ ಬೇರೆ ಗಂಟು ಕಟ್ಟಿ, ಆ ಫೋನುಗಳಿಗೆ ಮಾತ್ರ ಇಳಿಯುವಂತೆ ಮಾಡುತ್ತಿದ್ದಾರೆ. ನಡುನಡುವೆ ಕೈ ನಿಲ್ಲುತ್ತದೆ, ನೋಟ ಹಿಪ್ಪುನೇರಳೆ ತೋಟದ ಮಂಜಿನಲ್ಲಿ ಕಳೆದುಹೋಗುತ್ತದೆ.

"ಎಚ್ಚರದಾಗೇ ಕನಸು ಬೀಳ್ತೈತೆ ನಂಗೆ" ಎನ್ನುತ್ತಾರೆ. "ಯಾವ್ದೋ ಸಮುದ್ರದ ಊರಲ್ಲಿ ಒಬ್ಬಾಕೆ ಕೂತವ್ಳೆ, ನಾನ್ ಮಾಡಿದ ಬಟನ್ ಮೇಲೆ ಬೆರಳಿಡ್ತಾಳೆ. ಅದು ಮೆತ್ತಗೆ ಒಳಕ್ಕೋಗಿ ಬರ್ತೈತೆ. ಅವಳ್ಗೆ ನಾನು ಗೊತ್ತಿಲ್ಲ, ನಂಗೆ ಅವಳು ಗೊತ್ತಿಲ್ಲ. ಆದ್ರೂ ಕೈ ತಾಕ್ದಂಗಾಗ್ತೈತೆ."

ಹೀಗೆ ಹೇಳುವಾಗ ಅವರಿಗೆ ನಾಚಿಕೆಯಾಗುತ್ತದೆ. ಕೇಳುವವರಿಗೆ ಮಾತ್ರ ಸುಖವಾಗುತ್ತದೆ.

ಎಂಟೂವರೆಗೆ ಎಲ್ಲವನ್ನೂ ಕಳಿಸುತ್ತಾರೆ. ಹತ್ತು ನಿಮಿಷ ಏನೂ ಬರುವುದಿಲ್ಲ. ಆಮೇಲೆ ಮೋಹನ್‌ಬಾಬು ಅವರ ಒಂದು ಸಾಲು: "ಸೇರಿಸಿದೆ ಮೇಡಂ. ಹಳೇ ಫೋನೂ ಇರ್ಲಿ." ಒಳಗೆ ಮೊದಲ ಹುಳುಗಳು ಮಿಸುಕಾಡುತ್ತಿವೆ, ಎಲ್ಲ ಏಳಲು ಇನ್ನೂ ಹೊತ್ತಿದೆ. ಶೋಭಾರಾಣಿ ಸೊಪ್ಪಿನ ಪುಟಕ್ಕೆ ಹೊಸ ಹಂದರ ಹಾಕಿ, ನೇರ ಗಂಗುಲಮ್ಮನ ಮನೆಗೆ ಹೋಗುತ್ತಾರೆ.

ಗಾಜು ಬಿರಿದ ಆ ಫೋನಿನಲ್ಲಿ ಪುಟ ತೆರೆದುಕೊಳ್ಳುತ್ತದೆ. ಮೇಲಿನ ಸಾಲಿನಲ್ಲೇ ಇದೆ: ಕೊಂಡಪ್ಪನವರ ತೋಟದಲ್ಲಿ ಸೊಪ್ಪು ಮಿಕ್ಕಿದೆ. ಗಂಗುಲಮ್ಮ ಬಟನ್ ಒತ್ತಿ, ಸೊಪ್ಪು ತನಗೇ ಎಂದು ಹೇಳಿಟ್ಟು, ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ.

"ಏಮಮ್ಮಾ ಶೋಭಾ, ನಿನ್ನೆ ಇದ್ದಂಗೇ ಐತಲ್ಲ. ನಿನ್ನೆಯಿಂದ ಕೂತ್ಕೊಂಡು ಅದೇನ್ ಮಾಡ್ದೆ?"

"ಅದೇ ಕಣಕ್ಕ, ಮಾಡಿದ್ದು."