ಪಿಳ್ಳಮ್ಮನನ್ನು ಬಚ್ಚಿಟ್ಟ ದಿನ

ಪಿಳ್ಳಮ್ಮ ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಕೆಲಸ ಶುರುಮಾಡುತ್ತಿದ್ದಳು. ಹಾಗಲಕಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳನ್ನು ತೊಟ್ಟಿನಿಂದ ತುದಿಯವರೆಗೆ ಮೆಲ್ಲಗೆ ಜಾರಿಸುವಳು. ಎಲ್ಲೋ ಒಂದು ಕಡೆ ಬೆರಳು ನಿಲ್ಲುತ್ತಿತ್ತು.

“ಇಲ್ಲಿ ನೊಣ ಚುಚ್ಚಿ ಮೊಟ್ಟೆ ಇಟ್ಟೈತೆ. ಕುಯ್ದು ನೋಡಿ ಸಾರ್.”

ಕೊಯ್ದರೆ ಒಳಗೆ ಹುಳು ಇದ್ದೇ ಇರುತ್ತಿತ್ತು. ಹೇಗೆ ತಿಳಿಯಿತು ಅಂದರೆ, “ಅದಕ್ಕೂ ನೋವಾಗಿರ್ತೈತಲ್ಲ, ಮುಟ್ಟಿದ್ರೆ ಗೊತ್ತಾಗ್ತೈತೆ” ಅನ್ನುವಳು. ವೈಟ್‌ಫೀಲ್ಡ್ ಆಚೆ ಅವಳ ಮನೆಯವರ ಹಾಗಲ ಚಪ್ಪರವಿದ್ದ ಜಾಗದಲ್ಲಿ ಈಗ ಕಂಪನಿ ಬಸ್ಸುಗಳು ನಿಲ್ಲುತ್ತಿದ್ದವು. ಅವಳು ವಿದೇಶಕ್ಕೆ ಮಾಲು ಕಳಿಸುವ ನಮ್ಮ ಪ್ಯಾಕ್‌ಹೌಸ್‌ನಲ್ಲಿ ತರಕಾರಿ ಆರಿಸುತ್ತಿದ್ದಳು. ನಾನು ಅಲ್ಲಿಯ ಸೂಪರ್‌ವೈಸರ್. “ಸಾರ್ ಕೃಷಿ ಓದವ್ರೆ, ಆದ್ರೆ ಹಾಗಲಕಾಯಿ ಗೊಜ್ಜು ಮಾತ್ರ ತಿನ್ನಲ್ಲ” ಎಂದು ನನ್ನನ್ನು ಹುಡುಗಿಯರ ಮುಂದೆ ಗೋಳು ಹುಯ್ದುಕೊಳ್ಳುತ್ತಿದ್ದಳು.

ನಮ್ಮ ಹಾಗಲಕಾಯಿಯಲ್ಲಿ ಹುಳು ಸಿಕ್ಕಿತೆಂದು ಯುರೋಪಿನವರು ಅದನ್ನು ತರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದರು. ದೆಹಲಿಯ ಅಧಿಕಾರಿಗಳು ಅವರೊಂದಿಗೆ ಮಾತಾಡಿ, ಪತ್ರ ಬರೆದು, ಕೊನೆಗೆ ಒಂದು ದಾರಿ ಹುಡುಕಿದ್ದರು: ಸರ್ಕಾರ ಒಪ್ಪಿದ ಪ್ಯಾಕ್‌ಹೌಸ್‌ನಲ್ಲಿ, ಸರ್ಕಾರದ ಇನ್‌ಸ್ಪೆಕ್ಟರ್ ಎದುರು ಆರಿಸಿದ ಮಾಲು ಮಾತ್ರ ಹೋಗಬೇಕು. ವ್ಯವಸ್ಥೆ ನೋಡಲು ಯುರೋಪಿನಿಂದಲೇ ಇಬ್ಬರು ಬರುವವರಿದ್ದರು. ಒಪ್ಪಿಗೆ ಸಿಗದಿದ್ದರೆ ನಮ್ಮ ಬಾಗಿಲು ಮುಚ್ಚಿದಂತೆಯೇ.

ಆ ದಿನ ಪಿಳ್ಳಮ್ಮ ತಲೆಗೆ ಎಣ್ಣೆ ಹಚ್ಚಿ, ಹೊಸ ಸೀರೆ ಉಟ್ಟು ಬಂದಿದ್ದಳು. ದವಡೆಯಲ್ಲಿ ಎಲೆಅಡಿಕೆ, ಬರಿಗೈ, ಒಡೆದ ಹಿಮ್ಮಡಿ. ನನಗೆ ಅವಳನ್ನು ನೋಡಿ ನಾಚಿಕೆಯಾಯಿತು. ಈಗ ಬರೆಯುವಾಗ ನನ್ನ ಬಗ್ಗೆಯೇ ಅಸಹ್ಯವಾಗುತ್ತದೆ.

“ಪಿಳ್ಳಮ್ಮ, ನೀವು ಹಿಂದಿನ ಗೋಡೌನಲ್ಲಿ ಖಾಲಿ ಕ್ರೇಟು ಜೋಡಿಸ್ತಿರಿ. ಕರೆದಾಗ ಬನ್ನಿ” ಅಂದೆ.

“ಆಗ್ಲಿ ಸಾರ್” ಎಂದು ಹೋದಳು. ನಾನು ಕರೆಯಲಿಲ್ಲ. ಅವಳು ಪಳಗಿಸಿದ್ದ ಹಳೇ ಹೆಂಗಸರಿಗೂ ಅಂದು ರಜೆ ಕೊಟ್ಟಿದ್ದೆ. ಹೊಸದಾಗಿ ಸೇರಿದ ನಾಲ್ವರು ಹುಡುಗಿಯರಿಗೆ ಬಿಳಿ ಕೋಟು, ಗ್ಲೌಸು ಹಾಕಿಸಿ, ಕೈಗೆ ಭೂತಗನ್ನಡಿ ಕೊಟ್ಟು ಮೇಜಿನ ಮುಂದೆ ನಿಲ್ಲಿಸಿದೆ. ನೋಡಲು ಚೆನ್ನಾಗಿತ್ತು. ಬಂದವರಲ್ಲಿ ಒಬ್ಬಾಕೆ, ಹುಡುಗಿಯರು ಪಾಸು ಮಾಡಿದ ಕ್ರೇಟಿನಿಂದಲೇ ಒಂದು ಕಾಯಿ ಎತ್ತಿ ಸೀಳಿದಳು. ಹುಳು ಹೊರಳಾಡುತ್ತಿತ್ತು. ಅವರ ಜೊತೆ ಬಂದಿದ್ದ ದೆಹಲಿಯ ಅಧಿಕಾರಿ ತಲೆ ತಗ್ಗಿಸಿ ನಿಂತರು.

ಒಪ್ಪಿಗೆ ಅಲ್ಲಿಗೆ ನಿಂತಿತು. ಅವರು ಹೋದಮೇಲೆ ಮಾಲೀಕರು ಎಲ್ಲರ ಮುಂದೆ ಕೇಳಿದರು: “ಈ ಹುಡುಗೀರಿಗೆ ಟ್ರೇನಿಂಗ್ ಕೊಟ್ಟಿದ್ದು ಯಾರ್ರೀ?”

ನನ್ನ ಬಾಯಿಂದ ಬಂದದ್ದು ಒಂದೇ ಹೆಸರು: “ಪಿಳ್ಳಮ್ಮ.”

ಅವಳು ಗೋಡೌನಿನ ಬಾಗಿಲಲ್ಲೇ ನಿಂತಿದ್ದಳು. ಆ ಹುಡುಗಿಯರಿಗೆ ಅವಳು ಕಲಿಸಿದ್ದು ಒಂದೇ ಒಂದು ಮಧ್ಯಾಹ್ನ. ಅಷ್ಟು ಸಾಕೆಂದು ಅವಳನ್ನು ಎಬ್ಬಿಸಿ ಕಳಿಸಿದವನು ನಾನೇ. ಮರುದಿನದಿಂದ ಬರಬೇಡ ಎಂದು ಮಾಲೀಕರು ಅಂದರು, ಅವಳು ಬರಲಿಲ್ಲ.

ಯುರೋಪಿನವರು ಎರಡನೇ ಸಲ ಪರೀಕ್ಷೆಗೆ ಬಂದಾಗ, ಪಿಳ್ಳಮ್ಮ ಮೊದಲೇ ಪಳಗಿಸಿದ್ದ ಹಳೇ ಹೆಂಗಸರನ್ನು ಕೂರಿಸಿ ಒಪ್ಪಿಗೆ ಪಡೆದೆವು. ಮಾಲೀಕರು ನನ್ನ ಬೆನ್ನು ತಟ್ಟಿದರು.

ಕೆಲವು ವರ್ಷಗಳ ಮೇಲೆ ಕಾಡುಗೋಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಮುಖ ತಿರುಗಿಸುವಷ್ಟರಲ್ಲಿ ಅವಳೇ ಹತ್ತಿರ ಬಂದಳು.

“ಕಂಪ್ನಿ ನಡೀತೈತಾ ಸಾರ್?”

“ನಡೀತಿದೆ.”

“ಸದ್ಯ! ಆ ಉಡ್ಗೀರ್ಗೆ ನಾನು ಇನ್ನೊಂಚೂರು ಸರಿಯಾಗಿ ಏಳ್ಕೊಡ್ಬೇಕಿತ್ತು. ನನ್ನಿಂದ ನಿಮ್ಗೆ ಅವಮಾನ ಆಗೋಯ್ತು. ಮನಸ್ನಾಗೆ ಇಟ್ಕೋಬೇಡಿ ಸಾರ್.”

ಬಸ್ಸು ಬರಲು ಇನ್ನೂ ಹೊತ್ತಿತ್ತು. ನಿಜ ಹೇಳಲು ಬೇಕಾದಷ್ಟು ಹೊತ್ತು.

“ಹೋಗ್ಲಿ ಬಿಡಿ ಪಿಳ್ಳಮ್ಮ” ಅಂದೆ, ಕ್ಷಮಿಸಿದವನ ಹಾಗೆ.