ಫೋಸ್ಸಬೂಯಾಕ್ಕೆ ದಾರಿ ಕಂಡ ಅಂಚೆಯಾಕೆ

ರೊಕ್ಕಾಸ್ಕುರಾ ಊರಿನಿಂದ ಗುಡ್ಡದಾಚೆಯ ಫೋಸ್ಸಬೂಯಾ ಹಳ್ಳಿಗೆ ಆರು ಕಿಲೋಮೀಟರು, ಅಷ್ಟೂ ಏರು. ಎರ್ಸೀಲಿಯಾ ಮೂವತ್ತನಾಲ್ಕು ವರ್ಷ ಆ ದಾರಿಯನ್ನು ಹತ್ತಿ ಇಳಿದಿದ್ದಳು, ಮೊದಲು ಕಾಲ್ನಡಿಗೆಯಲ್ಲಿ, ಆಮೇಲೆ ಅಂಚೆಯವರು ಕೊಟ್ಟ ಸ್ಕೂಟರಿನಲ್ಲಿ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನ ಕಚ್ಚುತ್ತಾನೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ನಿವೃತ್ತಿಗೆ ಇನ್ನು ಐದು ತಿಂಗಳು ಉಳಿದಿತ್ತು.

ಆ ವಸಂತದಲ್ಲಿ ಬಯಲುಸೀಮೆಯ ಒಂದು ಪುಟ್ಟ ಕಂಪನಿಯವರು ರೊಕ್ಕಾಸ್ಕುರಾದ ಇಗರ್ಜಿಯ ಗಂಟೆಗೋಪುರಕ್ಕೆ ಬಿಳಿ ತಟ್ಟೆಗಳಂಥ ಆಂಟೆನಾಗಳನ್ನು ಕಟ್ಟಿದರು. ಕೇಬಲ್ಲಿಗೆಂದು ರಸ್ತೆ ಅಗೆಯುವ ಕೆಲಸವೇ ಇಲ್ಲ, ಗಾಳಿಯಲ್ಲೇ ಇಂಟರ್ನೆಟ್ಟು. ಗೋಪುರದ ತಟ್ಟೆ ಒಂದು ಕಡೆ, ನಿಮ್ಮ ಛಾವಣಿಯ ತಟ್ಟೆ ಇನ್ನೊಂದು ಕಡೆ. ಷರತ್ತು ಒಂದೇ, ಎರಡೂ ಒಂದನ್ನೊಂದು ನೋಡುವಂತಿರಬೇಕು. ಒಂದೇ ವಾರದಲ್ಲಿ ಗುಡ್ಡದ ಈ ಮಗ್ಗುಲಿನ ಹಳ್ಳಿಗಳಿಗೆಲ್ಲ ಸಂಪರ್ಕ ಬಂತು. ಬೇಕರಿಯ ಮುಂದೆ ಜನ ಬ್ರೆಡ್ಡಿನ ಮಾತು ಬಿಟ್ಟು ವೇಗದ ಮಾತಾಡತೊಡಗಿದರು.

ಫೋಸ್ಸಬೂಯಾದ ಇಪ್ಪತ್ತೆರಡು ಮನೆಗಳು ಮಾತ್ರ ಗುಡ್ಡದ ಬೆನ್ನ ಹಿಂದೆ ಉಳಿದವು. ಏಳು ವರ್ಷದ ಹಿಂದೆ ಗುಡ್ಡ ಜರಿದಾಗ ಅಲ್ಲಿನ ಟೆಲಿಫೋನ್ ತಂತಿ ಹರಿದುಹೋಗಿತ್ತು, ಮತ್ತೆ ಯಾರೂ ಅದನ್ನು ಎಳೆದಿರಲಿಲ್ಲ. ವೈದ್ಯರ ಚೀಟಿ ಬೇಕಾದರೂ, ಮಗಳ ಮುಖ ನೋಡಬೇಕಾದರೂ ಅಲ್ಲಿಯವರು ಕೆಳಗಿಳಿದು ಬಂದು ಇಗರ್ಜಿಯ ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂರಬೇಕಿತ್ತು.

ಕಂಪನಿಯ ಇಂಜಿನಿಯರ್ ಒರ್ನೆಲ್ಲಾ, ಮೂವತ್ತರ ಚುರುಕು ಹೆಂಗಸು, ಪುರಸಭೆಯ ಕೋಣೆಯಲ್ಲಿ ಕಂಪ್ಯೂಟರ್ ತೆರೆದು ಎಲ್ಲರಿಗೂ ತೋರಿಸಿದಳು.

"ನೋಡಿ, ಇದು ಗೋಪುರ, ಇದು ಫೋಸ್ಸಬೂಯಾ. ನಡುವೆ ಈ ಗುಡ್ಡ. ನಾನೇನ್ಮಾಡ್ಲಿ ಹೇಳಿ, ಗುಡ್ಡ ಸರಿಸೋಕಾಗುತ್ತಾ?"

ಕೋಣೆಯ ಹಿಂಬದಿಯಿಂದ ಎರ್ಸೀಲಿಯಾಳ ದನಿ ಬಂತು. "ಗುಡ್ಡ ತಾನೇ ಸರಿದಿದೆ, ಮಗಳೇ. ನಿನ್ನ ಪೆಟ್ಟಿಗೆಗೆ ಯಾರೂ ಸುದ್ದಿ ಮುಟ್ಟಿಸಿಲ್ಲ ಅಷ್ಟೆ."

ಜನ ನಕ್ಕರು. ಎರ್ಸೀಲಿಯಾ ನಗದೆ ಒರ್ನೆಲ್ಲಾಳ ತೋಳು ಹಿಡಿದು ಗೋಪುರದ ತೊಂಬತ್ತೊಂದು ಮೆಟ್ಟಿಲು ಹತ್ತಿಸಿದಳು. ಮೇಲೆ ಗಂಟೆಯ ಪಕ್ಕ ನಿಂತು ಬೆರಳು ಚಾಚಿದಳು. ಗುಡ್ಡದ ನೆತ್ತಿಯಲ್ಲಿ, ಹಿಂದೆ ಜರಿದ ಜಾಗದಲ್ಲಿ, ಹಲ್ಲು ಬಿದ್ದ ಬಾಯಿಯಂಥ ಒಂದು ಸಂದು. ಸಂದಿನ ಆಚೆ ನೂಲಿನೆಳೆಯಷ್ಟು ಹೊಗೆ.

"ಅದು ಯಾರ ಮನೆ ಹೊಗೆ?" ಒರ್ನೆಲ್ಲಾಳಿಗೆ ಏದುಸಿರು ಹತ್ತಿತ್ತು.

"ಚೆಲೆಸ್ತೀನಾಳದ್ದು. ಊರಿಗೇ ಎತ್ತರದ ಮನೆ. ದಿನಾ ಬೆಳಿಗ್ಗೆ ಚೀಲ ತುಂಬೋ ಮೊದಲು ಚೌಕದಲ್ಲಿ ನಿಂತು ನೋಡ್ತೀನಿ. ಹೊಗೆ ಎದ್ದರೆ ಮುದುಕಿ ಎದ್ದಿದ್ದಾಳೆ ಅಂತ ಲೆಕ್ಕ."

ಒರ್ನೆಲ್ಲಾ ದುರ್ಬೀನು ಕಣ್ಣಿಗಿಟ್ಟವಳು ಕೂಗಿಬಿಟ್ಟಳು. "ಚಿಮಣಿ ಕಾಣ್ತಿದೆ! ಸಿನ್ಯೋರಾ, ಚಿಮಣಿ ಪೂರ್ತಿ ಕಾಣ್ತಿದೆ! ಅಲ್ಲೊಂದು ತಟ್ಟೆ ಕೂರಿಸಿದ್ರೆ ಅಲ್ಲಿಂದ ಇಡೀ ಊರಿಗೆ ಹಂಚಬಹುದು. ನಾಳೇನೇ ಹೋಗಿ ಕೇಳಿ, ನಿಮ್ಮ ಮಾತು ಅವರು ತೆಗೆದುಹಾಕಲ್ಲ ಅಲ್ವಾ?"

ಎರ್ಸೀಲಿಯಾ ಮೆಟ್ಟಿಲ ಕಡೆ ತಿರುಗಿದಳು. ಚೆಲೆಸ್ತೀನಾ ಹತ್ತೊಂಬತ್ತು ವರ್ಷದಿಂದ ಅವಳಿಗೆ ಬಾಗಿಲು ತೆರೆದಿರಲಿಲ್ಲ. ಬಂದ ಕಾಗದಗಳನ್ನು ಎರ್ಸೀಲಿಯಾ ಗೇಟಿನ ಬಳಿ ಕಲ್ಲಿನಡಿ ಇಟ್ಟು ಬರುತ್ತಿದ್ದಳು.

ಕಾರಣ ಒಂದು ಕಾಗದ. ಚೆಲೆಸ್ತೀನಾ ಪಟ್ಟಣದ ಶಾಲೆಯ ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಸಂದರ್ಶನದ ಕರೆ ಅಂಚೆಯಲ್ಲಿ ಬಂದಿತ್ತು. ಅದು ಜನವರಿ. ಎರ್ಸೀಲಿಯಾ ನಾಲ್ಕು ದಿನ ಗುಡ್ಡ ಹತ್ತಲಿಲ್ಲ. ಐದನೆಯ ದಿನ ಕಾಗದ ತಲುಪಿಸುವಾಗ ಸಂದರ್ಶನದ ದಿನ ದಾಟಿತ್ತು. "ಹಿಮ ಬಿದ್ದು ದಾರಿ ಮುಚ್ಚಿತ್ತು" ಎಂದಿದ್ದಳು. ಆ ಕೆಲಸ ಬೇರೆಯವರ ಪಾಲಾಯಿತು. ಚೆಲೆಸ್ತೀನಾ ಆಡುಗಳನ್ನು ಕಟ್ಟಿಕೊಂಡು ಮೇಲೆಯೇ ಉಳಿದಳು.

ಮರುದಿನ ಎರ್ಸೀಲಿಯಾ ಕಲ್ಲಿನ ಬಳಿ ನಿಲ್ಲದೆ ಗೇಟು ದೂಡಿ ಒಳಗೆ ಹೋದಳು. ಬಾಗಿಲು ತಟ್ಟಿದಾಗ ಒಳಗಿನಿಂದಲೇ ಉತ್ತರ ಬಂತು.

"ಕಲ್ಲೇನು ಕಳೆದುಹೋಯ್ತಾ?"

"ಕಾಗದ ತಂದಿಲ್ಲ ಕಣೆ. ಮಾತು ತಂದಿದ್ದೀನಿ."

"ಅದನ್ನೂ ಕಲ್ಲಿನಡಿ ಇಟ್ಟು ಹೋಗು."

ಎರ್ಸೀಲಿಯಾ ಹೊಸ್ತಿಲ ಮೇಲೆಯೇ ಕುಳಿತಳು. ಬರುವಾಗ ದಾರಿಯುದ್ದಕ್ಕೂ ತಟ್ಟೆಯ ಮಾತನ್ನು ಹೇಗೆ ಎತ್ತುವುದೆಂದು ಯೋಚಿಸಿದ್ದಳು. ಬಾಯಿಂದ ಹೊರಟಿದ್ದು ಬೇರೆ.

"ಚೆಲೆಸ್ತೀನಾ, ಆವತ್ತು ದಾರಿ ಮುಚ್ಚಿರಲಿಲ್ಲ. ಹಿಂದಿನ ವಾರ ಸೇತುವೆ ಹತ್ರ ಜಾರಿಬಿದ್ದು ಕೆಳಗೆ ಹಳ್ಳ ನೋಡಿದ್ದೆ. ಹೆದರಿಬಿಟ್ಟೆ. ನಾಲ್ಕು ದಿನ ಚೀಲ ಹೆಗಲಿಗೇರಿಸಿ ಅಂಚೆ ಕಚೇರಿ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಸುಳ್ಳು ಹೇಳಿದೆ. ತಪ್ಪಾಯ್ತು."

ಅಗುಳಿ ಸರಿಯಿತು. ಎಪ್ಪತ್ತೈದರ ಚೆಲೆಸ್ತೀನಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬ್ರೆಡ್ಡಿನ ವ್ಯಾನು ಆ ನಾಲ್ಕೂ ದಿನ ಮೇಲೆ ಬಂದಿತ್ತು. ನಾನೇನು ಕುರುಡಿಯಾ?"

"ಗೊತ್ತಿತ್ತಾ? ಮತ್ತೆ ಕೇಳಬಾರದಿತ್ತೇನೆ!"

"ನೀನು ಹೇಳಲಿ ಅಂತ ಕಾದೆ. ಹತ್ತೊಂಬತ್ತು ವರ್ಷ ತಗೊಂಡೆಯಲ್ಲೇ, ಕತ್ತೆ! ನಿಮ್ಮ ಅಂಚೆಯವರ ಬುದ್ಧಿಯೇ ತಡ." ಎಂದವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಬಾ ಒಳಗೆ. ಕಾಫಿ ಇಟ್ಟಿದ್ದೀನಿ, ಉಕ್ಕುತ್ತೆ."

ಕಾಫಿ ಕುಡಿಯುತ್ತ ಎರ್ಸೀಲಿಯಾ ತಟ್ಟೆಯ ವಿಷಯ ಹೇಳಿದಳು. ದಿನಾ ಹೊಗೆ ನೋಡುವ ವಿಷಯವನ್ನೂ ಹೇಳಿದಳು. ಚೆಲೆಸ್ತೀನಾ ಲೋಟ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದಳು. ಕೊನೆಗೆ, "ಏಣಿ ಆಡಿನ ಕೊಟ್ಟಿಗೇಲಿದೆ" ಎಂದಳು.

ಶನಿವಾರ ಬೆಳಿಗ್ಗೆ ಫೋಸ್ಸಬೂಯಾ ಪೂರ್ತಿ ಆ ಅಂಗಳದಲ್ಲಿತ್ತು. ಒರ್ನೆಲ್ಲಾ ಸೊಂಟಕ್ಕೆ ಹಗ್ಗ ಬಿಗಿದು ಚಿಮಣಿಯ ಪಕ್ಕ ಕಂಬ ನಿಲ್ಲಿಸಿ ತಟ್ಟೆ ಕೂರಿಸಿದಳು. ಅದಕ್ಕೆ ಜೋಡಿಸಿದ ವೈಫೈ ಪೆಟ್ಟಿಗೆಗೆ ಅಂಗಳದವರ ಮೊಬೈಲುಗಳನ್ನೂ ಮೊದಲೇ ಹೊಂದಿಸಿಟ್ಟಿದ್ದಳು. ಆ ತುದಿಯ ಗೋಪುರದಲ್ಲಿ ಅವಳ ಜೊತೆಗಾರ ಜಿಲ್ದೊ. ನಡುವೆ ಮಾತಿಗೆ ವಾಕಿಟಾಕಿ. ಎರ್ಸೀಲಿಯಾ ಏಣಿಯ ಮೇಲೆ ನಿಂತು ಒರ್ನೆಲ್ಲಾಳ ಯಂತ್ರ ತೋರಿಸುವ ಸಿಗ್ನಲ್ ನಷ್ಟದ ಅಂಕಿಯನ್ನು ಕೂಗಿ ಓದಬೇಕಿತ್ತು. ಅಂಕಿ ಇಳಿದಷ್ಟೂ ಒಳ್ಳೆಯದು.

"ತೊಂಬತ್ತು!"

"ಎಡಕ್ಕೆ ಒಂದು ಕೂದಲಷ್ಟು, ಜಿಲ್ದೊ!"

"ಎಂಬತ್ತೆಂಟು... ಎಂಬತ್ತೊಂದು! ಅಯ್ಯೋ, ಮತ್ತೆ ತೊಂಬತ್ತು!"

"ಜಿಲ್ದೊ, ನಿನ್ನಜ್ಜಿ ಕೂದಲಲ್ಲ ಕಣೋ, ನನ್ನ ಕೂದಲು! ಸಣ್ಣಕ್ಕೆ ತಿರುಗಿಸು!"

ಚೆಲೆಸ್ತೀನಾ ಏಣಿಯ ಬುಡವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು.

"ಎಪ್ಪತ್ತು! ಅರವತ್ತಾರು! ಅರವತ್ತೊಂದು! ಐವತ್ತೆಂಟು!" ಎರ್ಸೀಲಿಯಾಳ ದನಿ ಕೀಚಲಾಯಿತು. "ಐವತ್ತೆಂಟರಲ್ಲಿ ನಿಂತಿದೆ!"

"ಮುಟ್ಟಬೇಡ!" ಒರ್ನೆಲ್ಲಾ ವಾಕಿಟಾಕಿಗೆ ಕಿರುಚಿದಳು. "ಜಿಲ್ದೊ, ಬೋಲ್ಟ್ ಬಿಗಿ! ಬಿಗಿ!"

ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಅಂಗಳದಲ್ಲಿದ್ದ ಮೊಬೈಲುಗಳು ಒಂದಾದ ಮೇಲೊಂದು ಟಿಂಗ್ ಟಿಂಗ್ ಎನ್ನತೊಡಗಿದವು. ತಿಂಗಳುಗಟ್ಟಲೆ ದಾರಿ ಸಿಗದೆ ನಿಂತಿದ್ದ ಸಂದೇಶಗಳೆಲ್ಲ ಕಟ್ಟೆ ಒಡೆದ ಕೆರೆಯಂತೆ ನುಗ್ಗಿದವು. ಯಾರೋ ನಗುತ್ತಿದ್ದರು, ಯಾರೋ ಅಳುತ್ತಿದ್ದರು, ಒಬ್ಬಾತ ಎಂದೋ ಮುಗಿದ ಮದುವೆಯ ಕರೆಯೋಲೆ ನೋಡಿ ತಲೆ ಚಚ್ಚಿಕೊಂಡ. ಎರ್ಸೀಲಿಯಾ ಏಣಿಯಿಂದ ಇಳಿಯುವ ಮೊದಲೇ ಚೆಲೆಸ್ತೀನಾ ಅವಳ ಕಾಲನ್ನು ತಬ್ಬಿಕೊಂಡು, "ಇಳಿಯೇ ಮಾರಾಯ್ತಿ, ಗಿಣ್ಣು ಕುಯ್ದಿದ್ದೀನಿ, ತಿನ್ನೋರಿಲ್ಲ" ಎಂದು ಕೂಗುತ್ತಿದ್ದಳು.

ಆ ಛಾವಣಿಯಿಂದ ಬೇಸಿಗೆ ಮುಗಿಯುವುದರೊಳಗೆ ಇಪ್ಪತ್ತೆರಡೂ ಮನೆಗಳಿಗೆ ಸಂಪರ್ಕ ಮುಟ್ಟಿತು. ಸೆಪ್ಟೆಂಬರಿನಲ್ಲಿ ಎರ್ಸೀಲಿಯಾ ಅಂಚೆಯ ಚೀಲ ಒಪ್ಪಿಸಿದಳು. ಮನೆಯಲ್ಲಿ ಕೂತದ್ದು ಹನ್ನೊಂದೇ ದಿನ. ಹನ್ನೆರಡನೆಯ ದಿನ ಒರ್ನೆಲ್ಲಾ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದಳು.

"ಪಕ್ಕದ ಕಣಿವೇಲಿ ನಾಲ್ಕು ಹಳ್ಳಿ ಉಳಿದಿವೆ, ಸಿನ್ಯೋರಾ. ಕಂಪ್ಯೂಟರ್ ಆಗೋದೇ ಇಲ್ಲ ಅಂತಿದೆ. ವಾರಕ್ಕೆ ಮೂರು ದಿನ ನಮ್ಮ ಜೊತೆ ಬರ್ತೀರಾ? ಸಂಬಳ ಕೊಡ್ತೀವಿ."

"ಆ ಕಣಿವೆ ನನಗೆ ಗೊತ್ತಿಲ್ಲವಲ್ಲ."

"ಮತ್ತೇನು ಮಾಡೋದು?"

"ಅಲ್ಲಿಯ ಅಂಚೆಯವರನ್ನ ಮಾತಾಡಿಸೋಣ, ನಡಿ" ಎಂದ ಎರ್ಸೀಲಿಯಾ, ನಡೆಯುವ ಬೂಟು ಹಾಕಿಕೊಳ್ಳಲು ಒಳಗೆ ಓಡಿದಳು.