ಬೆನ್ನಿನೊಳಗಿನ ಸದ್ದು

ಎಂಬತ್ತರ ದಶಕದಲ್ಲಿ ನಾನು ಬಿಳಿಚೋಡಿನಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದೆ. ಒಮ್ಮೆ ಚುನಾವಣೆ ಕೆಲಸಕ್ಕೆಂದು ನಮ್ಮನ್ನೆಲ್ಲ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂರಿಸಿಕೊಂಡು ಹೋದರು. ಹಳ್ಳ ದಾಟುವಾಗ ಟ್ರೇಲರ್ ಮಗುಚಿತು. ಉಳಿದವರು ಮೊಣಕೈ, ಮಂಡಿ ತರಚಿಕೊಂಡು ಎದ್ದರು. ನನಗೆ ಏಳಲಾಗಲಿಲ್ಲ. ಬೆನ್ನುಮೂಳೆ ಮುರಿದಿತ್ತು.

ದೂರದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮುರಿದ ಮೂಳೆಯ ಮೇಲೂ ಕೆಳಗೂ ಸ್ಕ್ರೂ ಕೂರಿಸಿ, ಅವುಗಳ ನಡುವೆ ಉಕ್ಕಿನ ಕಂಬಿ ಬಿಗಿದಿದ್ದರು. ಆಗ ಅದು ನಮ್ಮ ಕಡೆ ಹೊಸತು. ನನಗಂತೂ ಮತ್ತೆ ನಡೆದದ್ದೇ ದೊಡ್ಡದು. ಆದರೆ ಹೊನ್ನಾಳಿಯ ಮನೆಗೆ ಕರೆದುಕೊಂಡು ಬಂದ ದಿನವೇ ಅವ್ವ ಬಾಗಿಲು ಮುಂದೆ ಮಾಡಿ ಹೇಳಿದಳು, "ಬೆನ್ನಾಗೆ ಕಬ್ಬಿಣ ಐತೆ ಅಂತ ಯಾರಿಗೂ ಅನ್ನಬ್ಯಾಡ. ಬಿದ್ದು ಪೆಟ್ಟಾಗಿತ್ತು, ವಾಸಿ ಆತು ಅನ್ನು. ನಿನ್ನ ಮದುವಿ ಆಗಾಕೆ ಬೇಕಲ್ಲ." ಅವಳ ಹೇಳಿಕೆ ಬೇಕಾಗಿಯೇ ಇರಲಿಲ್ಲ. ನನಗಾಗಲೇ ನಾಚಿಕೆ ಶುರುವಾಗಿತ್ತು. ಗಾಯದ ಪಟ್ಟಿ ಬದಲಿಸಲು ಕೂಡ ಅವ್ವನನ್ನು ಹತ್ತಿರ ಬಿಡದೆ ಊರಿನ ಆಸ್ಪತ್ರೆಯ ನರ್ಸಮ್ಮನನ್ನೇ ಕರೆಸುತ್ತಿದ್ದೆ.

ಮತ್ತೆ ಶಾಲೆಗೆ ಹೋಗತೊಡಗಿದ ಮೇಲೆ ಆ ಸದ್ದು ಬಂತು. ಬಗ್ಗಿ ಚಾಕ್‌ಪೀಸ್ ಎತ್ತಿಕೊಂಡಾಗ ಸೊಂಟದ ಮೇಲೆ, ಒಳಗಿನಿಂದ, 'ಟಕ್' ಎಂದಿತು. ನೋವೇನೂ ಹೆಚ್ಚಿರಲಿಲ್ಲ. ಸದ್ದು ಮಾತ್ರ ದಿನದಿಂದ ದಿನಕ್ಕೆ ಸ್ಪಷ್ಟವಾಗುತ್ತ ಹೋಯಿತು. ಡಾಕ್ಟರಿಗೆ ತೋರಿಸಬೇಕೆಂದು ತಿಳಿಯುತ್ತಿತ್ತು. ಆದರೆ ಮತ್ತೆ ರವಿಕೆ ಬಿಚ್ಚಿ ಗಂಡಸರೆದುರು ಬೋರಲು ಮಲಗುವುದನ್ನು ನೆನೆದರೆ ಕಾಲೇ ಏಳುತ್ತಿರಲಿಲ್ಲ. ಬಗ್ಗದೆ ಬದುಕುವುದನ್ನು ಕಲಿತೆ.

ಹೀಗಿರುವಾಗ ನ್ಯಾಮತಿಯಿಂದ ಹೆಣ್ಣು ನೋಡಲು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಉಪ್ಪಿಟ್ಟು, ಕಾಫಿ ಆಯಿತು. ಹುಡುಗ ನನ್ನ ಶಾಲೆಯ ವಿಷಯ ಕೇಳಿದ. ನಾನು ಹೇಳಿದ್ದಕ್ಕೆ ನಕ್ಕ. ಒಳ್ಳೆಯವನಂತೆ ಕಂಡ. ಹೊರಡುವಾಗ ಅವ್ವ, "ಹಿರೇರಿಗೆ ನಮಸ್ಕಾರ ಮಾಡು" ಎಂದಳು. ನಾನು ಅವಳ ಮುಖ ನೋಡಿದೆ. ಆಮೇಲೆ ಹುಡುಗನ ತಾಯಿಯ ಕಾಲು ಮುಟ್ಟಲು ಬಗ್ಗಿದೆ.

'ಟಕ್.' ಏಳುವಾಗ ಇನ್ನೊಮ್ಮೆ, 'ಟಕ್.'

"ಏನದು ಸಪ್ಪಳ?" ಎಂದರು ಆ ತಾಯಿ.

"ಬಳಿ ಕಣ್ರೀ, ಬಳಿ" ಎಂದಳು ಅವ್ವ.

ಆಕೆ ನನ್ನ ಕೈ ನೋಡಿದರು. ಒಂದೊಂದು ಕೈಗೆ ಒಂದೊಂದೇ ಬಂಗಾರದ ಬಳೆ, ಎರವಲು ತಂದದ್ದು. ಒಂದೇ ಬಳೆ ಯಾವುದಕ್ಕೆ ತಾಗಿ ಸದ್ದು ಮಾಡೀತು? ಆಕೆ ನನ್ನ ಭುಜ ಸವರಿ ಹೋದರು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು. ನ್ಯಾಮತಿಯಿಂದ ಮತ್ತೆ ಸುದ್ದಿ ಬರಲಿಲ್ಲ.

ಆ ವಾರವೇ ದೊಡ್ಡಾಸ್ಪತ್ರೆಗೆ, ನನಗೆ ಆಪರೇಷನ್ ಮಾಡಿದ್ದ ಡಾಕ್ಟರ ಬಳಿಗೆ ಹೋದೆ. ಅವರು ನನ್ನನ್ನು ಬಗ್ಗಿಸಿ, ಎಬ್ಬಿಸಿ, ಎಕ್ಸ್‌ರೇ ತೆಗೆಸಿ ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು.

"ಕೂತ್ಕೊಳ್ರಿ ಟೀಚರ್. ಸ್ಕ್ರೂ ತಲೆ ಮೇಲೆ ಕಂಬಿ ಕೂರ್ತದೆ. ಅದು ಜಾರಬಾರದು ಅಂತ ಒಂದು ವಾಷರ್, ಅದರ ಮೇಲೊಂದು ನಟ್. ಆ ನಟ್ ಸಡಿಲ ಆಗಬಾರದು ಅಂತ ಮತ್ತೊಂದು ನಟ್. ನಿಮ್ಮ ಬೆನ್ನಾಗೆ ಕೆಳಗಿನ ನಟ್ ಓರೆಯಾಗಿ ಕೂತೈತೆ. ಈಗ ಎರಡೂ ಸಡಿಲ ಆಗಿ ಕಂಬಿ ಅಲ್ಲಾಡ್ತೈತೆ. ಅದರದೇ ಸದ್ದು."

"ನಾನೇನಾದ್ರೂ ಭಾರ ಎತ್ತಿದ್ದಕ್ಕಾ?"

"ಅಲ್ಲ. ಅಷ್ಟು ಆಳದಾಗೆ, ಒದ್ದೆ ಕೈಯಾಗೆ ಅಷ್ಟು ಸಣ್ಣ ತುಂಡು ಕೂರಿಸ್ಬೇಕು. ಒಂದರ ಮೇಲೊಂದು ಬಂದಷ್ಟೂ ಕೆಳಗಿಂದು ಸರಿ ಕೂತೈತೋ ಇಲ್ಲೋ ಕಾಣಲ್ಲ."

ಅವರು ಮೇಜಿನ ಡ್ರಾಯರಿನಿಂದ ಒಂದು ಹೊಸ ಸ್ಕ್ರೂ ತೆಗೆದರು. ತಾವೇ ಹೇಳಿ ಮಾಡಿಸಿದ್ದಂತೆ. ಅದರ ತಲೆಯಲ್ಲೇ ಕಂಬಿ ಕೂರುವ ಸೀಳು ಇತ್ತು. ಮೇಲಿನಿಂದ ಒಂದೇ ಒಂದು ತಿರುಪು ಒಳಗಿಳಿದು ಕಂಬಿಯನ್ನು ಒತ್ತಿ ಹಿಡಿಯುತ್ತಿತ್ತು. ವಾಷರಿಲ್ಲ, ನಟ್ಟಿಲ್ಲ. ಆದರೆ ಆಸ್ಪತ್ರೆಯ ಇತರ ಡಾಕ್ಟರುಗಳು ಒಪ್ಪಿರಲಿಲ್ಲ. ಬೀಗ ಹೆಚ್ಚಿದ್ದಷ್ಟೂ ಭದ್ರ ಎಂಬುದು ಅವರ ವಾದ. "ನೀವು ಒಂದ್ಸಲ ಅವರೆದುರಿಗೆ ಬರ್ರಿ. ಎಕ್ಸ್‌ರೇ ನೋಡಿ ನಂಬದವರು ಆ ಸದ್ದು ಕೇಳಿದ್ರೆ ನಂಬ್ತಾರೆ" ಎಂದರು.

ಯಾವ ಸದ್ದನ್ನು ಮುಚ್ಚಿಡಲು ನಾನು ಮೈ ಮರದಂತೆ ಮಾಡಿಕೊಂಡಿದ್ದೆನೋ ಅದನ್ನೇ ಕೇಳಿಸಬೇಕಿತ್ತು. ಕೊನೆಗೆ ಬರುತ್ತೇನೆಂದೆ.

ಅವರು ಹೇಳಿದ ದಿನ ಹೋದೆ. ಕೋಣೆಯ ತುಂಬ ಗಂಡಸು ಡಾಕ್ಟರುಗಳೇ. ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತೆ. ಅಲ್ಲಿನ ನರ್ಸಮ್ಮ ಹಿಂದಿನಿಂದ ಬಿಳಿ ಬಟ್ಟೆ ಸರಿಸಿದಳು. ಫ್ಯಾನಿನ ಗಾಳಿ ಬರಿಬೆನ್ನಿಗೆ ತಾಗಿತು. ಅಷ್ಟು ಕಣ್ಣುಗಳು ಎಲ್ಲಿ ನೆಟ್ಟಿವೆಯೆಂದು ನೋಡದೆಯೇ ಗೊತ್ತಾಗುತ್ತಿತ್ತು. "ಬಗ್ಗಮ್ಮ" ಎಂದರು ಯಾರೋ. ಬಗ್ಗಿದೆ. ಟಕ್. "ಇನ್ನೊಮ್ಮೆ." ಟಕ್. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು.

"ನಗಬ್ಯಾಡ್ರಿ" ಎಂದರು ನಮ್ಮ ಡಾಕ್ಟರು. "ಆ ಸದ್ದು ಅವರದಲ್ಲ, ನಂದು. ನಾನು ಕೂರಿಸಿದ ನಟ್ ಅದು."

ಆ ಮಾತಿನಿಂದ ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಬಟ್ಟೆ ಹೊದ್ದುಕೊಂಡು ಹೊರಬಂದು ಬಾತ್‌ರೂಮಿನಲ್ಲಿ ನಿಂತು ಅತ್ತೆ. ಇಷ್ಟು ದಿನ ಅದು ನನ್ನ ಮೈಯ ಕೊರತೆಯೆಂದೇ ತಿಳಿದಿದ್ದೆ. ಅಲ್ಲವೆಂದು ಅವರು ಹೇಳಿದ ಮೇಲೂ ನಾಚಿಕೆ ನನ್ನಲ್ಲೇ ಉಳಿದಿತ್ತು.

ಇತರ ಡಾಕ್ಟರುಗಳೂ ಒಪ್ಪಿದ ಮೇಲೆ ಎರಡನೆಯ ಆಪರೇಷನ್ ಹೊಸ ಸ್ಕ್ರೂಗಳಿಂದಲೇ ಆಯಿತು. ಮೊದಲಿನದಕ್ಕಿಂತ ಬೇಗ ಮುಗಿಯಿತೆಂದು ನರ್ಸಮ್ಮ ಹೇಳಿದಳು. ಹೊರಡುವ ದಿನ ಡಾಕ್ಟರನ್ನು ಕೇಳಿದೆ, "ಇದೂ ಸಡಿಲ ಆದ್ರೆ?"

"ಆಗಲ್ಲ ಅಂತ ನಾನು ಹೆಂಗೆ ಹೇಳ್ಲಿ? ಸಡಿಲ ಆದ್ರೆ ಅವತ್ತೇ ಬರ್ರಿ. ನನ್ನ ತಪ್ಪಿಗೆ ನೀವು ನಾಚ್ಕೊಂಡು ಕೂರಬ್ಯಾಡ್ರಿ" ಎಂದರು.

ಹೊನ್ನಾಳಿಯಲ್ಲಿ, ಗಾಯ ಒಣಗಿದ ಮೇಲೆ, ಒಂದು ಬೆಳಿಗ್ಗೆ ಅವ್ವ ಹಂಡೆ ಕಾಯಿಸಿ ಎಣ್ಣೆ ಬಟ್ಟಲು ಹಿಡಿದು ಬಚ್ಚಲಿಗೆ ಬಂದಳು. ಬೇಡವೆನ್ನಬೇಕೆಂದಿದ್ದೆ. ಏಕೋ ಸುಮ್ಮನೆ ಮಣೆಯ ಮೇಲೆ ಕೂತು ಸೆರಗು ಸರಿಸಿದೆ. ಬಹಳ ಹೊತ್ತು ಅವಳ ಕೈ ಬೆನ್ನಿಗೆ ತಾಗಲಿಲ್ಲ. ನಾನು ಮೊಣಕಾಲಿಗೆ ಮುಖ ಒತ್ತಿಕೊಂಡೆ.

"ಇಷ್ಟೇ ಏನೇ?" ಎಂದಳು ಕೊನೆಗೆ. "ನಾನು ಏನೇನೋ ಅಂದ್ಕೊಂಡಿದ್ನಲ್ಲೇ ತಾಯಿ." ಆಮೇಲೆ ಎಣ್ಣೆ ಹಚ್ಚತೊಡಗಿದಳು, ಮೊದಲು ಹೆದರುತ್ತ, ಆಮೇಲೆ ಚಿಕ್ಕಂದಿನಲ್ಲಿ ಹಚ್ಚುತ್ತಿದ್ದ ಹಾಗೆ ಜೋರಾಗಿ. ನೀರು ಹಾಕುವಾಗ ಅವಳು ಅಳುತ್ತಿದ್ದಳೆಂದು ಕಾಣುತ್ತದೆ. ನಾನು ತಿರುಗಿ ನೋಡಲಿಲ್ಲ.

ಮುಂದಿನ ವರ್ಷ ಚನ್ನಗಿರಿ ತಾಲ್ಲೂಕಿನ ನಲ್ಲೂರಿಗೆ ವರ್ಗವಾಯಿತು. ಬೆನ್ನಿನಲ್ಲಿ ಆ ಸ್ಕ್ರೂಗಳು ಈಗಲೂ ಹಾಗೇ ಇವೆ, ಸದ್ದಿಲ್ಲದೆ.